ಬಾಸ್ ಫೈಟ್ ಮಧ್ಯ ಕರೆಂಟ್ ಹೋದ್ರೆ? ಹೊಸ ಗೇಮ್‌ಗಳನ್ನ ನಾನು ಅಳೆಯೋ ರೀತಿ

ಗೇಮ್ ರಿವ್ಯೂ ಮಾಡೋರು ಎಲ್ಲಾ ನೋಡ್ತಾರೆ, ಗ್ರಾಫಿಕ್ಸು, ಕತೆ, ಮ್ಯೂಸಿಕ್ಕು, ಎಷ್ಟು ಗಂಟೆ ಆಡ್ಬೋದು ಅಂತ, ಆದ್ರೆ ಬಾಸ್ ಫೈಟ್, ಅಂದ್ರೆ ದೊಡ್ಡ ವೈರಿ ಜೊತೆಗಿನ ಕಾಳಗದ ಮಧ್ಯ ಕರೆಂಟ್ ಹೋದ್ರೆ ಎಂತ ಆಗತ್ತೆ ಅಂತ ಹೇಳೋರು ನಂಗಂತೂ ಸಿಕ್ಕಿಲ್ಲ. ತೀರ್ಥಹಳ್ಳಿ ಕಡೆ ಜೂನಿಂದ ಸೆಪ್ಟೆಂಬರ್ ತನಕ ಅದೇ ಮೊದಲ ಪ್ರಶ್ನೆ ಮಾರಾಯ್ರೆ. ಒಂದು ಗಾಳಿ ಬೀಸಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಮುಗೀತು, ಮನೆ ಇನ್ವರ್ಟರ್ ಲೈಟು ಫ್ಯಾನು ಎಳಿಯತ್ತೆ, ಗೇಮಿಂಗ್ ಪಿಸಿ ಎಳಿಯಲ್ಲ, ಚಿಕ್ಕದೊಂದು ಯುಪಿಎಸ್ ಇದೆ, ಅದು ಕುಂಯ್ ಕುಂಯ್ ಅಂತ ಕೂಗಕ್ಕೆ ಶುರು ಮಾಡಿದ್ಮೇಲೆ ಸೇವ್ ಮಾಡಿ ಆಫ್ ಮಾಡೋಷ್ಟು ಟೈಮ್ ಕೊಡತ್ತೆ. ಸೇವ್ ಮಾಡಕ್ಕೆ ಆ ಗೇಮ್ ಬಿಟ್ರೆ.

ಹಗಲಲ್ಲಿ ತೋಟ, ರಾತ್ರಿ ಊಟ ಆದ್ಮೇಲೆ ಗೇಮು. ಹೊಸದೇನಾದ್ರೂ ಬಂದಾಗ ಅದು ಹೆಂಗಿದೆ ಅಂತ ಕನ್ನಡದಲ್ಲಿ ವಾಯ್ಸ್ ನೋಟ್ ಮಾಡಿ ಕಳ್ಸೋದು ಶುರುವಾಗಿದ್ದು ಅಕ್ಕನ ಮಗನಿಂದ. ಅವ್ನು ಶಿವಮೊಗ್ಗದಲ್ಲಿ ಪಿಯುಸಿ, ಹಬ್ಬಕ್ಕೆ ಹುಟ್ಟಿದಬ್ಬಕ್ಕೆ ಕೊಟ್ಟ ದುಡ್ಡೆಲ್ಲ ಕೂಡಿಟ್ಟು ವರ್ಷಕ್ಕೆ ಒಂದೋ ಎರಡೋ ಗೇಮ್ ತಗೊಳ್ತಾನೆ, ದೊಡ್ಡ ಗೇಮ್ ಅಂದ್ರೆ ಈಗ ನಾಲ್ಕು ಸಾವಿರದ ಆಚೀಚೆ. "ಮಾವ, ಇದು ತಗೊಳ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳು" ಅಂತ ಕೇಳ್ತಿದ್ದ. ಒಂದೇ ಮಾತಲ್ಲಿ ಹೇಳಕ್ಕೆ ನಂಗ್ ಬರಲ್ಲ, ಹಂಗಾಗಿ ಹತ್ತು ನಿಮಿಷ ಮಾತಾಡಿ ಕಳ್ಸಿದೆ, ಅವ್ನು ಅದನ್ನ ಕ್ಲಾಸಿನ ಹುಡುಗ್ರಿಗೆ ಹಾಕ್ದ, ಈಗ ನಂಗೆ ಮುಖ ನೋಡಿಲ್ಲದ ಹುಡುಗ್ರೂ ಮಾವ ಅಂತಾರೆ.

ರಿಲೀಸ್ ಆದ ದಿನ ನಾನು ಬಾಯಿ ಬಿಡಲ್ಲ. ಸೈಬರ್‌ಪಂಕ್ 2077 ನೆನಪಿದ್ಯಲ್ಲ, 2020ರ ಡಿಸೆಂಬರ್ 10ಕ್ಕೆ ಬಂತು, ಅದಕ್ಕೂ ಮುಂಚೆ ಬಂದ ರಿವ್ಯೂಗಳೆಲ್ಲ ಪಿಸಿ ವರ್ಷನ್ ನೋಡಿ ಬರೆದಿದ್ದು, ರಿವ್ಯೂ ಮಾಡೋರು ತಾವು ಆಡಿದ ವಿಡಿಯೋ ತೋರ್ಸೋ ಹಂಗೂ ಇರ್ಲಿಲ್ಲ. ಜನ ಹಳೇ ಪಿಎಸ್4ಗೆ ಹಾಕಿದ್ಮೇಲೆ ಬಂಡವಾಳ ಗೊತ್ತಾಯ್ತು, ಸೋನಿ ಸುಮಾರು ಒಂದು ವಾರಕ್ಕೇ ತನ್ನ ಸ್ಟೋರಿಂದ ತೆಗೆದು ಹಾಕ್ತು, ವಾಪಸ್ ಬಂದಿದ್ದು 2021ರ ಜೂನಲ್ಲಿ. ಆಮೇಲೆ 2023ರ 2.0 ಅಪ್‌ಡೇಟ್ ಬಂದು ಒಳ್ಳೆ ಗೇಮೇ ಆಯ್ತು, ಅದು ಬೇರೆ ಮಾತು. ಆ ರಿವ್ಯೂಗಳಲ್ಲಿ ಸುಳ್ಳಿತ್ತು ಅಂತ ನಾನು ಹೇಳಲ್ಲ, ಅವರ ಮೆಷೀನಲ್ಲಿ ಅದು ಹಂಗೇ ಕಂಡಿದ್ದಿರ್ಬೋದು. ಅದಕ್ಕೇ ನನ್ನ ಪ್ರತಿ ವಾಯ್ಸ್ ನೋಟೂ ಒಂದೇ ತರ ಶುರುವಾಗತ್ತೆ: ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 1080ಪಿ ರೆಸಲ್ಯೂಷನ್, ಮೀಡಿಯಂ ಸೆಟ್ಟಿಂಗು, ಹೊರಗೆ ಮಳೆ.

ಆಮೇಲೆ ಸೈಜು. ಪೇಟೇಲಿ ಇರೋರಿಗೆ ಇದು ವಿಷಯವೇ ಅಲ್ಲ, ಆದ್ರೆ ನಮ್ಮಲ್ಲಿ ಎಷ್ಟೋ ಮನೇಲಿ ಇನ್ನೂ ಮೊಬೈಲ್ ಹಾಟ್‌ಸ್ಪಾಟೇ ಗತಿ, ಅದೂ ಅಂಗಳದ ಮೂಲೇಲಿ ಮಾತ್ರ ಸಿಗ್ನಲ್ಲು. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು, ಬ್ಲ್ಯಾಕ್ ಮಿತ್ ವುಕಾಂಗ್‌ಗೆ 130. ದಿನಕ್ಕೆ 2 ಜಿಬಿ ಪ್ಯಾಕ್ ಇರೋ ಹುಡುಗ ಅದನ್ನ ಇಳ್ಸೋದ್ರೊಳಗೆ ಪರೀಕ್ಷೆ ಬಂದಿರತ್ತೆ. ಹೆಲ್‌ಡೈವರ್ಸ್ 2 ಕತೆ ಕೇಳಿ, ಪಿಸಿಲಿ ಅದು 150 ಜಿಬಿ ದಾಟಿ ಬೆಳೆದಿತ್ತು, 2025ರ ಕೊನೆಗೆ ಅವ್ರೇ ಅದನ್ನ 23 ಜಿಬಿಗೆ ಇಳ್ಸಿದ್ರು. ಹಳೇ ಹಾರ್ಡ್‌ಡಿಸ್ಕಲ್ಲಿ ಬೇಗ ಲೋಡ್ ಆಗ್ಲಿ ಅಂತ ಒಂದೇ ಫೈಲನ್ನ ಹತ್ತಾರು ಕಡೆ ಕಾಪಿ ಮಾಡಿಟ್ಟಿದ್ರಂತೆ, ತೆಗೆದು ನೋಡಿದ್ರೆ ಹಾರ್ಡ್‌ಡಿಸ್ಕಲ್ಲೂ ಹೆಚ್ಚು ವ್ಯತ್ಯಾಸ ಆಗ್ಲಿಲ್ಲ. ಇಷ್ಟು ದಿನ ಆ ನೂರಮೂವತ್ತರ ಹತ್ತತ್ರ ಜಿಬಿ ಜಾಗ ಸುಮ್ನೆ ಕೊಟ್ಟಿದ್ದು ನಾವು! ಸೈಜ್ ಬಗ್ಗೆ ರಿವ್ಯೂಲಿ ಒಂದು ಸಾಲಾದ್ರೂ ಬೈದು ಹೇಳ್ಬೇಕು ಅನ್ನೋದು ನನ್ನ ವಾದ.

ಸ್ಟೀಮ್ ಅನ್ನೋ ಪಿಸಿ ಗೇಮ್ ಅಂಗಡೀಲಿ ತಗೊಂಡು ಎರಡು ಗಂಟೆ ಒಳಗೆ ಆಡಿ, ಹದಿನಾಲ್ಕು ದಿನದೊಳಗೆ ಕೇಳಿದ್ರೆ ದುಡ್ಡು ವಾಪಸ್ ಸಿಗತ್ತೆ, ಇದನ್ನ ಹುಡುಗ್ರಿಗೆ ಪದೇಪದೇ ಹೇಳ್ತೀನಿ. ಆ ಎರಡು ಗಂಟೇನ ಕತೆ ಕೇಳಕ್ಕೆ ಬಳಸ್ಬೇಡಿ, ಸೀದಾ ಜನ ತುಂಬಿರೋ ಜಾಗಕ್ಕೆ ಓಡಿ, ಕ್ಯಾಮೆರಾ ಗಿರಗಿರ ತಿರುಗ್ಸಿ, ಸ್ಟಟರ್ ಹೊಡಿಯತ್ತಾ, ಅಂದ್ರೆ ಚಿತ್ರ ತಡವರಿಸತ್ತಾ ನೋಡಿ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರವರಿಲಿ ಬಂದಾಗ ಅವ್ರದ್ದೇ ರೆಕಮೆಂಡೆಡ್ ಲಿಸ್ಟಲ್ಲಿ ಏನಿತ್ತು ಗೊತ್ತಾ, 1080ಪಿಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮು), ಫ್ರೇಮ್ ಜನರೇಷನ್ ಆನ್ ಮಾಡಿದ್ರೆ. ಅಂದ್ರೆ ಅರ್ಧ ಫ್ರೇಮು ಲೆಕ್ಕ ಹಾಕಿ ತುಂಬಿಸಿದ್ದು. ಕಣ್ಣಿಗೆ ಸ್ಮೂತ್ ಕಾಣತ್ತೆ, ಕೈಗೆ ಮಾತ್ರ ತಡ ಆಗೇ ಇರತ್ತೆ, ಬಟನ್ ಒತ್ತಿದ್ದಕ್ಕೆ ಉತ್ತರ ಬರೋದು ಅಸಲಿ ಫ್ರೇಮಲ್ಲಿ ತಾನೇ. ಇದನ್ನ ರಿಲೀಸ್ ಮುಂಚೇನೇ ಓದಿ ನಮ್ಮ ಹುಡುಗ್ರಿಗೆ ಕಾಯಿರಿ ಅಂದಿದ್ದೆ.

ಆದ್ರೆ ಎರಡು ಗಂಟೆಗೆ ಸಿಕ್ಕದ ವಿಷಯಾನೂ ಇದೆ. ಬಾಲ್ಡರ್ಸ್ ಗೇಟ್ 3 ಮೊದಲ ಆಕ್ಟು ಕಾಡು, ಹಳ್ಳಿ, ಚೆನ್ನಾಗಿ ಓಡತ್ತೆ, ಮೂರನೇ ಆಕ್ಟಿಗೆ ಸಿಟಿ ಒಳಗೆ ಹೋದ್ರೆ ಪ್ರೊಸೆಸರ್ ಏದುಸಿರು ಬಿಡತ್ತೆ. 2023ರಲ್ಲಿ ಬಂದಾಗ ಮೊದಲ ವಾರದ ಹೊಗಳಿಕೆ ಎಷ್ಟೋ ಈ ಸಿಟಿ ನೋಡದೆ ಬರೆದಿದ್ದು. ಗೇಮ್ ಮಾಡಿದ ಲೇರಿಯನ್‌ನವ್ರು ಪ್ಯಾಚ್ ಮೇಲೆ ಪ್ಯಾಚ್ ಕೊಟ್ಟು ಸರಿ ಮಾಡ್ತಾ ಬಂದ್ರು. ನಂಗೆ ಆ ಗೇಮ್ ಬಗ್ಗೆ ಗೌರವ ಜಾಸ್ತಿನೇ, ಆದ್ರೂ ಪೂರ್ತಿ ಮುಗಿಸದೆ ಮಾಡಿದ ರಿವ್ಯೂಗೆ "ಇಲ್ಲೀ ತನಕ" ಅಂತ ಹೇಳೋ ಪ್ರಾಮಾಣಿಕತೆ ಇರ್ಬೇಕು.

ಈಗ ಕರೆಂಟಿನ ವಿಷಯ. ಎಲ್ಡನ್ ರಿಂಗ್ ಆಟನ ಮಧ್ಯ ನಿಲ್ಸಕ್ಕೆ ಬಿಡಲ್ಲ, ಆದ್ರೆ ಹಿಂದ್ಗಡೆ ಸೇವ್ ಮಾಡ್ತಾನೇ ಇರತ್ತೆ, ಪಟ್ ಅಂತ ಹೋದ್ರೂ ವಾಪಸ್ ಬಂದಾಗ ಹೆಚ್ಚುಕಮ್ಮಿ ಅಲ್ಲೇ ನಿಂತಿರ್ತೀರಿ, ಬಾಸ್ ಜೊತೆ ಇದ್ರೆ ಬಾಗಿಲ ಹೊರಗೆ. ನಮ್ಮೂರಿಗೆ ಹೇಳಿ ಮಾಡಿಸಿದ ಗೇಮು. ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2 ಇದಕ್ಕೆ ಪೂರ್ತಿ ಉಲ್ಟಾ. 1403ರ ಬೊಹೀಮಿಯಾ, ಕಮ್ಮಾರನ ಮಗ, ಬೇಕಾದಲ್ಲಿ ಸೇವ್ ಮಾಡ್ಬೇಕಂದ್ರೆ ಸೇವಿಯರ್ ಸ್ನ್ಯಾಪ್ಸ್ ಅನ್ನೋ ಹೆಂಡ ಕುಡೀಬೇಕು, ಇಲ್ಲಾ ನಿನ್ನದೇ ಹಾಸಿಗೆಲಿ ಮಲಗ್ಬೇಕು. ಸೇವ್ ಮಾಡಿ ಹೊರಗೆ ಹೋಗೋ ಆಪ್ಷನ್ ಬೇರೆ ಇದೆ ಅನ್ನಿ. ಹೆಂಡ ಬೇಕಂದ್ರೆ ಗಿಡ ಕಿತ್ತು ತಂದು ಕಾಯ್ಸಿ ನೀವೇ ಇಳಿಸ್ಬೋದು. ತಪ್ಪು ಮಾಡಿದ್ರೆ ಅನುಭವಿಸ್ಬೇಕು, ಹಂಗಂತ ಅವ್ರ ಆಸೆ, ಮತ್ತೆ ಆ ಆಸೆ ಕೆಲಸ ಮಾಡತ್ತೆ ಕೂಡ, ರಾತ್ರಿ ಕಾಡಲ್ಲಿ ಕಳ್ಳರು ಎದುರಾದ್ರೆ ನಿಜವಾಗ್ಲೂ ಕೈ ಬೆವರತ್ತೆ. ಆದ್ರೆ ಯುಪಿಎಸ್ ಕೂಗೋ ಮನೇಲಿ ಆ ಬೆವರು ಎರಡು ಪಟ್ಟು. ನಾನು ಇದನ್ನ ಗೇಮಿನ ದೋಷ ಅಂತ ಬರ್ಕೊಳ್ಲಿಲ್ಲ, "ಮಳೆಗಾಲ ಕಳೀಲಿ, ಕೊಯ್ಲು ಮುಗಿದ ಮೇಲೆ ಆಡಿ" ಅಂತ ಹೇಳಿದೆ. ಫ್ರೇಮ್ ವಿಷಯಕ್ಕೆ ಬಂದ್ರೆ, ಆ ಸೈಜಿನ ಗೇಮು ನನ್ನ ಮೆಷೀನಲ್ಲಿ ಅಷ್ಟು ನೀಟಾಗಿ ಓಡಿದ್ದು ನೋಡಿ ಖುಷಿ ಆಯ್ತು.

ಕ್ಲೇರ್ ಆಬ್ಸ್ಕ್ಯೂರ್ ಎಕ್ಸ್‌ಪೆಡಿಷನ್ 33ಕ್ಕೆ ಬೇರೇನೇ ಸಮಸ್ಯೆ, ಸೋಗೆ ತೆಗೆದು ತಗಡು ಹಾಕಿದ ನಮ್ಮನೆ ಮಾಡು. ಟರ್ನ್ ಬೇಸ್ಡ್ (ಒಬ್ಬರಾದ್ಮೇಲೆ ಒಬ್ಬರು ಹೊಡೆಯೋ) ಗೇಮಾದ್ರೂ ವೈರಿ ಹೊಡಿಯಕ್ಕೆ ಬಂದಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ಏಟು ತಡೀಬೇಕು, ಅದೇ ಪ್ಯಾರಿ, ಎಲ್ಲಾ ಏಟೂ ತಡೆದ್ರೆ ತಿರುಗಿಸಿ ಹೊಡೀಬೋದು. ಕೆಲವು ವೈರಿಗಳು ಕೈ ಎತ್ತಿ ಬೇಕಂತ್ಲೇ ತಡೆದು ನಿಲ್ತಾವೆ, ಕಣ್ಣು ನಂಬಿದ್ರೆ ಬೇಗ ಒತ್ತಿ ಹೋಗತ್ತೆ, ಕಿವಿ ನಂಬ್ಬೇಕು. ಆಷಾಢದ ಮಳೆ ತಗಡಿನ ಮೇಲೆ ಹೊಡೆಯೋವಾಗ ಪಕ್ಕದಲ್ಲಿ ಕೂತು ಅಮ್ಮ ಕರೆದ್ರೇ ಕೇಳಲ್ಲ, ಇನ್ನು ಪ್ಯಾರಿ ಸೌಂಡ್ ಎಲ್ಲಿ. ಒಳ್ಳೆ ಹೆಡ್‌ಫೋನ್ ಇಲ್ಲದೆ ಇದನ್ನ ಜುಲೈಲಿ ಆಡ್ಬೇಡಿ ಅಂತ ಸೀರಿಯಸ್ಸಾಗೇ ಹೇಳಿದೀನಿ.

ಆ ಗೇಮ್ ಶುರುವಾಗೋ ರೀತಿ ಮಾತ್ರ ಎಂತ ಹೇಳ್ಲಿ. ವರ್ಷಕ್ಕೊಮ್ಮೆ ಪೇಂಟ್ರೆಸ್ ಅನ್ನೋಳು ಒಂದು ನಂಬರ್ ಬರೀತಾಳೆ, ಆ ವಯಸ್ಸಿನೋರೆಲ್ಲ ಹೂವಿನ ಪಕಳೆ ಹಂಗೆ ಉದುರಿ ಮಾಯ, ಈ ಸಲದ ನಂಬರ್ 33. ಫ್ರಾನ್ಸಿನ ಮಾಂಪೆಲಿಯೇ ಊರಿನ ಚಿಕ್ಕ ಕಂಪನಿ, 2025ರ ಗೇಮ್ ಅವಾರ್ಡ್ಸಲ್ಲಿ ಗೇಮ್ ಆಫ್ ದಿ ಇಯರ್ ಹೊಡ್ಕೊಂಡು ಹೋಯ್ತು. ಪ್ರಶಸ್ತಿ ಬಂತು ಅಂತ ನಾನು ಸುಮ್ನಿರಲ್ಲ. ಒಂದು, ಗುಹೆ ಕೋಟೆ ಒಳಗೆಲ್ಲ ಮಿನಿಮ್ಯಾಪ್ ಇಲ್ಲ, ಒಂದೇ ಬಣ್ಣದ ಬಂಡೆ ಸುತ್ತಿ ಸುತ್ತಿ ಬಂದ ದಾರೀಲೇ ವಾಪಸ್. ಇನ್ನೊಂದು ದೊಡ್ಡದು, ಮೂರನೇ ಆಕ್ಟಲ್ಲಿ 9999ರ ಡ್ಯಾಮೇಜ್ ಮಿತಿ ತೆಗೆಯೋ ಪಿಕ್ಟೋಸ್, ಅಂದ್ರೆ ಶಕ್ತಿ ಕೊಡೋ ವಸ್ತು, ಕೈಗೆ ಬರತ್ತೆ, ಸೈಡ್ ಕೆಲಸ ಎಲ್ಲಾ ಮುಗಿಸ್ಕೊಂಡು ಕೊನೇ ಬಾಸ್ ಹತ್ರ ಹೋದ್ರೆ ಅವ್ನು ಸರಿಯಾಗಿ ಮಾತು ಮುಗಿಸೋದ್ರೊಳಗೆ ಸತ್ತಿರ್ತಾನೆ. ಅಷ್ಟು ಹೊತ್ತು ಕಟ್ಟಿದ ದುಃಖ ಅಲ್ಲಿ ಸೋರಿ ಹೋಗತ್ತೆ. ಅದಕ್ಕೇ ನಾನು ಹೇಳೋದು, ಕತೆ ಬೇಕಾದ್ರೆ ಮೊದ್ಲು ಕತೆ ಮುಗ್ಸಿ, ಆಮೇಲೆ ಊರು ಸುತ್ತಿ.

ಮಧ್ಯ ಒಂದು ತಮಾಷೆ. 2025ರ ಆಗಸ್ಟಲ್ಲಿ ದುಡ್ಡಿಟ್ಟು ಆಡೋ ಆನ್‌ಲೈನ್ ಗೇಮ್ ನಿಷೇಧದ ಕಾಯ್ದೆ ಬಂತಲ್ಲ, ಮಾರನೇ ದಿನವೇ ಪಕ್ಕದ ಮನೆ ಭಟ್ರು ಬೇಲಿ ಹತ್ರ ನಿಂತು "ಎಂತ ಮಾರಾಯ, ನಿಂದೂ ಬಂದ್ ಆಯ್ತಂತೆ?" ಅಂದ್ರು. ರಮ್ಮಿ ಬೇರೆ ಇದು ಬೇರೆ ಅಂತ ಹೇಳಿ ಒಳಗೆ ಬಂದ್ರೆ ಸ್ಕ್ರೀನ್ ಮೇಲೆ ಬಲಾಟ್ರೋ, ಅಂದ್ರೆ ಇಸ್ಪೀಟ್ ಎಲೆ! ಅಪ್ಪಯ್ಯ ಕನ್ನಡಕ ಹಾಕ್ಕೊಂಡು ನೋಡ್ತಾ ಇದ್ರು. ಒಬ್ಬನೇ ಮನುಷ್ಯ ಮಾಡಿದ ಗೇಮು, ಪೋಕರ್ ಕೈ ಕಟ್ಟಿ ಅಂಕ ಗಳಿಸೋದು, 150 ಜೋಕರ್ ಇದಾವೆ, ಒಂದೊಂದೂ ಲೆಕ್ಕಾನೇ ಬದಲಾಯ್ಸತ್ತೆ, ಒಂದು ಪೈಸೆ ಜೂಜಿಲ್ಲ. ಯುರೋಪಿನ ರೇಟಿಂಗ್ ಮಂಡಳಿಗೂ ಭಟ್ರ ಹಂಗೇ ಅನುಮಾನ ಬಂದು 18 ವರ್ಷದ ಮುದ್ರೆ ಒತ್ತಿತ್ತು, 2025ರ ಫೆಬ್ರವರಿಲಿ 12ಕ್ಕೆ ಇಳ್ಸಿದ್ರು. ಸೈಜ್ ನೋಡಿದ್ರೆ ಅಂಗಳದ ಮೂಲೆ ಸಿಗ್ನಲ್ಲಲ್ಲೇ ಇಳಿಯತ್ತೆ, ಕರೆಂಟ್ ಹೋಗಿ ಬಂದ್ರೆ ಆಟ ನಿಂತಲ್ಲಿಂದ ಮುಂದುವರಿಯತ್ತೆ. ನನ್ನ ಲೆಕ್ಕದಲ್ಲಿ ಮಲೆನಾಡಿಗೆ ಇದಕ್ಕಿಂತ ಒಳ್ಳೆ ಗೇಮಿಲ್ಲ.

ಜಗಳ ಆಗಿದ್ದು ಹಾಲೋ ನೈಟ್ ಸಿಲ್ಕ್‌ಸಾಂಗ್ ಅನ್ನೋ ಗೇಮ್ ಬಗ್ಗೆ. 2019ರಲ್ಲಿ ಅನೌನ್ಸ್ ಮಾಡಿ 2025ರ ಸೆಪ್ಟೆಂಬರ್ 4ಕ್ಕೆ ಕೊಟ್ರು, ಅವತ್ತು ಸ್ಟೋರ್‌ಗಳೇ ಮಲಗಿದ್ವು. ವೈರಿ ಒಂದೇ ಏಟಿಗೆ ಎರಡು ಮಾಸ್ಕ್ (ಇದ್ರಲ್ಲಿ ಜೀವದ ಲೆಕ್ಕ ಅದು) ತೆಗೀತಾನೆ ಅಂತ ಜನ ಅತ್ರು, ಮೊದಲ ಪ್ಯಾಚಲ್ಲೇ ಮೂರ್‌ವಿಂಗ್ ಮತ್ತೆ ಸಿಸ್ಟರ್ ಸ್ಪ್ಲಿಂಟರ್ ಅನ್ನೋ ಬಾಸ್‌ಗಳನ್ನ ಸ್ವಲ್ಪ ಮೆತ್ತಗೆ ಮಾಡಿದ್ರು. ಕಷ್ಟದ ಬಗ್ಗೆ ನಂದು ತಕರಾರಿಲ್ಲ, ನಾವು ಆಡ್ಸೋ ಹಾರ್ನೆಟ್ ಓಡೋ ವೇಗ, ಸೂಜಿ ಬೀಸೋ ಮಜಾ ಎಲ್ಲಾ ಅದೇ ಕಷ್ಟಕ್ಕೆ ಅಳೆದು ಮಾಡಿದ್ದು. ನನ್ನ ತಕರಾರು ಬೆಂಚಿಂದ, ಅಂದ್ರೆ ಸತ್ತ ಮೇಲೆ ಮತ್ತೆ ಶುರುವಾಗೋ ಜಾಗದಿಂದ, ಬಾಸ್ ತನಕ ಓಡೋ ದಾರಿ ಬಗ್ಗೆ. ಲಾಸ್ಟ್ ಜಡ್ಜ್ ಅನ್ನೋ ಬಾಸ್ ತಗೊಳ್ಳಿ, ಸತ್ತಾಗೆಲ್ಲ ಆ ಗಾಳಿ ಮರಳಿನ ಮೆಟ್ಲು ಹತ್ತಿ, ಮುಳ್ಳು ದಾಟಿ, ಮಧ್ಯದ ಹುಳ ತಪ್ಪಿಸ್ಕೊಂಡು ಮತ್ತೆ ಬರ್ಬೇಕು, ಕೊನೆಗೆ ಗೆದ್ರೂ ಸಾಯೋವಾಗ ಸಿಡಿದು ನಿಮ್ಮನ್ನೂ ಜೊತೆಗೆ ಕರ್ಕೊಂಡು ಹೋಗ್ಬೋದು. ಬಾಸ್ ಹತ್ರ ಕಲಿಯೋದು ಬೇಕಾದಷ್ಟಿದೆ, ಆ ದಾರೀಲಿ ಎರಡನೇ ಸಲಕ್ಕೆ ಕಲಿಯೋದು ಮುಗಿದಿರತ್ತೆ. ರಾತ್ರಿ ಒಂದು ಗಂಟೆ ಆಡಕ್ಕೆ ಸಿಗೋನಿಗೆ ಅದ್ರಲ್ಲಿ ಅರ್ಧ ಓಟಕ್ಕೇ ಹೋದ್ರೆ ಹೆಂಗೆ.

ಇದನ್ನ ವಾಯ್ಸ್ ನೋಟಲ್ಲಿ ಹೇಳಿ ಕಳ್ಸಿದ್ದಕ್ಕೆ ಅಕ್ಕನ ಮಗ ನೇರ ಫೋನೇ ಮಾಡಿದ. "ಮಾವ, ಓಡ್ತಾ ಓಡ್ತಾ ಸಿಟ್ಟು ಇಳಿಯತ್ತೆ, ಅಲ್ಲೇ ಬಾಗಿಲಲ್ಲಿ ಬೆಂಚ್ ಕೊಟ್ಟಿದ್ರೆ ನಾನು ತಲೆ ಕೆಟ್ಟು ಕಂಟ್ರೋಲರ್ ಒಡೀತಿದ್ದೆ, ನಿಂದು ರಾಂಗ್" ಅಂದ. ನಾನು ಒಪ್ಪಲಿಲ್ಲ, ಅವ್ನೂ ಬಿಡ್ಲಿಲ್ಲ. ಕೊನೆಗೆ ಅವ್ನ ಫೋನ್ ಮಾತನ್ನೇ ರೆಕಾರ್ಡ್ ಮಾಡಿಸಿ ನನ್ನ ನೋಟಿನ ಕೆಳಗೇ ಹಾಕ್ದೆ, ತಗೊಳ್ಳೋರು ಎರಡೂ ಕೇಳಿ ತಗೊಳ್ಲಿ ಅಂತ. ಆ ಬ್ಯಾಚಿನ ಹುಡುಗ್ರಲ್ಲಿ ಜಾಸ್ತಿ ಜನ ಅವ್ನ ಕಡೆಗೇ ಇದಾರೆ.