ತಮಟೆ ಹಿಡಿದು ಕೋಲಾರಕ್ಕೆ ಬರುವವರಿಗೆ

ನಾನು ಬಾಗೇಪಲ್ಲಿ ಕಡೆಯ ಹಳ್ಳಿಯವನು. ಚೀಲದಲ್ಲಿ ತಮಟೆ ಇಟ್ಟುಕೊಂಡು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನನಗೆ 21 ವರ್ಷ. ಊರಲ್ಲಿ ಜಾತ್ರೆ ಇರಲಿ, ಸಾವಿರಲಿ, ಮನೆ ಬಾಗಿಲಿಗೇ ಬಂದು ಕರೆಯುತ್ತಿದ್ದರು. ಇಲ್ಲಿ ಏಳು ತಿಂಗಳು ಯಾರೂ ಕರೆಯಲಿಲ್ಲ. ಅಂಥ ಏಳು ತಿಂಗಳು ನಿಮಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೂಮು. ಚೀಲ ನೋಡಿ "ಅದೇನು?" ಅಂತ ಮನೆ ಓನರ್ ಕೇಳೇ ಕೇಳುತ್ತಾರೆ. ಮುಚ್ಚಿಡಬೇಡಿ. ನಾನು ಮುಚ್ಚಿಟ್ಟಿದ್ದೆ. ಎರಡನೇ ವಾರಕ್ಕೆ ಚರ್ಮದ ವಾಸನೆ ಹಿಡಿದು ಬಂದರು, ಜಾತಿ ಕೇಳಿದರು, ಅಡ್ವಾನ್ಸ್ ಕೈಗಿಟ್ಟು ಕಳಿಸಿದರು. ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲೇ ಮಲಗಿದೆ. ಮಾರನೇ ದಿನದಿಂದ ಬಾಗಿಲಲ್ಲೇ ತಮಟೆ ಹೊರಗೆ ತೆಗೆದು ತೋರಿಸಿದೆ. ಜೊತೆಗೆ ಒಂದು ಪೇಪರ್ ಕಟಿಂಗ್. 2023ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದ ಸುದ್ದಿ ಅದು. ತಮಟೆ ಬಾರಿಸಿಯೇ ಬಂದ ಪ್ರಶಸ್ತಿ. ಮೂರು ಮನೆಯವರು ಆಗಲ್ಲ ಅಂದರು. ನಾಲ್ಕನೇ ಮನೆಯ ಅಜ್ಜಿ ಕಟಿಂಗನ್ನು ಪೂರ್ತಿ ಓದಿಸಿಕೊಂಡು, "ರಾತ್ರಿ ಹೊತ್ತು ಮಾತ್ರ ಬಡೀಬೇಡಪ್ಪ" ಅಂದರು. ಇವತ್ತಿಗೂ ಅಲ್ಲೇ ಇದ್ದೇನೆ.

ಅಭ್ಯಾಸಕ್ಕೆ ಬೆಳಗ್ಗೆ ಬೇಗ ಅಂತರಗಂಗೆ ಬೆಟ್ಟದ ಕಡೆ ಹೋಗಿ. ಮೆಟ್ಟಿಲ ಹತ್ತಿರ ಬೇಡ. ದೇವಸ್ಥಾನಕ್ಕೆ ಬರುವವರಿರುತ್ತಾರೆ, ಕೋತಿ ಕಾಟವೂ ಜಾಸ್ತಿ. ಪಕ್ಕಕ್ಕೆ ಸರಿದು ಬಂಡೆಗಳ ಮಧ್ಯೆ ನಿಂತರೆ ನೀವು ಬಾರಿಸಿದ್ದು ನಿಮಗೇ ವಾಪಸ್ ಕೇಳಿಸುತ್ತದೆ. ಎಡಗೈ ಕಡ್ಡಿ ಹಿಂದೆ ಬೀಳುತ್ತಿದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ.

ಹೊಟ್ಟೆಪಾಡಿಗೆ ನಾನು ಎಪಿಎಂಸಿ ಟೊಮೆಟೊ ಮಂಡಿಗೆ ಹೋಗುತ್ತಿದ್ದೆ. ಒಂದೊಂದು ಬಾಕ್ಸ್ 15 ಕೆಜಿ. ಕಾರ್ಯಕ್ರಮದ ಹಿಂದಿನ ದಿನ ಮಾತ್ರ ಬಾಕ್ಸ್ ಎತ್ತಬೇಡಿ. ಮಣಿಕಟ್ಟು ಹಿಡಿದುಕೊಂಡರೆ ಕಡ್ಡಿ ಓಡುವುದಿಲ್ಲ.

ಇನ್ನು ತಮಟೆ ಕಾಯಿಸುವುದು. ಪೇಟೆಯಲ್ಲಿ ನಾವು ಜಾಸ್ತಿ ಒದ್ದಾಡುವುದು ಇದಕ್ಕೇ. ಫೈಬರ್ ತಮಟೆಗೆ ಆ ಗೋಜಿಲ್ಲ, ಮಳೆಯಲ್ಲೂ ನಡೆಯುತ್ತದೆ. ಮೆರವಣಿಗೆಗೆ ಅದೇ ಇರಲಿ. ಕೂತು ಕೇಳುವ ಜನರ ಮುಂದೆ ಚರ್ಮದ್ದೇ ಬೇಕು. ಚರ್ಮ ತೇವ ಹೀರಿದರೆ ಸಡಿಲವಾಗಿ ದಬ ದಬ ಅನ್ನುತ್ತದೆ. ಹಳೇ ಪೇಪರ್, ಒಣಗಿದ ತೆಂಗಿನ ಗರಿ, ಬೆಂಕಿಪೊಟ್ಟಣ ಯಾವಾಗಲೂ ಚೀಲದಲ್ಲಿರಲಿ. ಹೋದ ತಕ್ಷಣ ಹೊರಗೆ ಎಲ್ಲಿ ಬೆಂಕಿ ಹಾಕಬಹುದು ಅಂತ ಕೇಳಿಟ್ಟುಕೊಳ್ಳಿ. ಉರಿಯಿಂದ ಒಂದು ಗೇಣು ಮೇಲೆ ಹಿಡಿದು ತಿರುಗಿಸುತ್ತಾ ಇರಿ, ನಿಲ್ಲಿಸಬೇಡಿ. ನಡುನಡುವೆ ಅಂಚಿನ ಸುತ್ತ ಬೆರಳಲ್ಲಿ ತಟ್ಟಿ ನೋಡಿ. ಎಲ್ಲ ಕಡೆ ಒಂದೇ ಥರ ಟಣ್ ಅಂದರೆ ಸಾಕು, ಅದಕ್ಕಿಂತ ಕಾಯಿಸಬಾರದು. ಟಿ. ಚನ್ನಯ್ಯ ರಂಗಮಂದಿರದಲ್ಲಿ ನನ್ನ ಮೊದಲ ಕಾರ್ಯಕ್ರಮದ ದಿನ ಗಡಿಬಿಡಿಯಲ್ಲಿ ಉರಿಗೆ ತೀರಾ ಹತ್ತಿರ ಹಿಡಿದೆ. ಎರಡನೇ ವರಸೆಗೇ ಚರ್ಮ ಅಂಚಿನಿಂದ ಹರಿಯಿತು. ಅಪ್ಪ ಕೈಯಾರೆ ಕಟ್ಟಿಕೊಟ್ಟಿದ್ದ ತಮಟೆ. ಬೇರೆ ತಂಡದ ಅಣ್ಣ ಒಬ್ಬರು ತಮ್ಮದನ್ನು ನನ್ನ ಕೊರಳಿಗೆ ಹಾಕಿ, "ನಿಲ್ಲಿಸಬೇಡ, ಬಾರಿಸು" ಅಂದರು.

ದುಡ್ಡಿನ ಮಾತು ಮೊದಲೇ ಆಗಬೇಕು. ಒಬ್ಬ ಆಯೋಜಕರು ಐದು ಜನಕ್ಕೆ 7,000 ರೂಪಾಯಿ ಅಂತ ಬಾಯಲ್ಲಿ ಹೇಳಿದ್ದರು. ರಾತ್ರಿ ಶಾಲು ಹೊದಿಸಿ 2,000 ಕೊಟ್ಟರು. ಜೊತೆಗೆ ಬಂದಿದ್ದ ಹುಡುಗರ ಮುಖ ನೋಡಲು ನನಗೆ ಆಗಲಿಲ್ಲ. ಈಗ ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇನೆ: ಎಷ್ಟು ಜನ, ಎಷ್ಟು ಹೊತ್ತು, ಓಡಾಟದ ಖರ್ಚು ಯಾರದು, ಮುಂಗಡ ಎಷ್ಟು. ಸಂಕೋಚ ಬೇಡ. ಆರ್ಕೆಸ್ಟ್ರಾದವರು ಕೇಳಿ ತೆಗೆದುಕೊಳ್ಳುತ್ತಾರೆ ಅಲ್ವಾ, ನಾವ್ಯಾಕೆ ಕೇಳಬಾರದು?

ಒಂದು ಫೈಲ್ ಮಾಡಿಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ, ಸರ್ಟಿಫಿಕೇಟ್ ಎಲ್ಲ ಅದರಲ್ಲಿರಲಿ. ಅದನ್ನು ಹಿಡಿದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ಒಂದು ಸಲ ಹೋದರೆ ಆಗುವುದಿಲ್ಲ, ಮುಖ ಪರಿಚಯ ಆಗುವವರೆಗೂ ಹೋಗಬೇಕು. 15ರಿಂದ 29 ವರ್ಷದೊಳಗಿನವರಿಗೆ ಯುವಜನೋತ್ಸವ ಇದೆ, ಜನಪದ ಗೀತೆ, ಜನಪದ ನೃತ್ಯ ಎರಡೂ ಇರುತ್ತವೆ. ಬೂದಿಕೋಟೆಯ 'ನಮ್ಮ ಧ್ವನಿ' ಸಮುದಾಯ ರೇಡಿಯೋದವರನ್ನೂ ಮಾತಾಡಿಸಿ. ಮೊಬೈಲಿನಲ್ಲಿ ವಿಡಿಯೋ ಮಾಡುವಾಗ ಫೋನು ಹದಿನೈದು ಹೆಜ್ಜೆ ದೂರ ಇರಲಿ, ಹತ್ತಿರ ಇಟ್ಟರೆ ಸದ್ದು ಒಡೆಯುತ್ತದೆ.

ಇದೆಲ್ಲಕ್ಕಿಂತ ಮೊದಲು ನಾನು ಹೋಗಬೇಕಿದ್ದದ್ದು ತೇರಹಳ್ಳಿ ಬೆಟ್ಟಕ್ಕೆ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ 'ಆದಿಮ' ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ 'ಹುಣ್ಣಿಮೆ ಹಾಡು' ಅನ್ನುವ ಕಾರ್ಯಕ್ರಮ ನಡೆಯುತ್ತದೆ. ನನಗೆ ಗೊತ್ತಾಗಿದ್ದು ತಡವಾಗಿ. ಎರಡು ಹುಣ್ಣಿಮೆ ಸುಮ್ನೆ ಹಿಂದೆ ಕೂತು ಕೇಳಿ ಬಂದೆ. ಮೂರನೇ ಸಲ ಹಾಡುವ ಅಕ್ಕ ಒಬ್ಬರು ಚೀಲ ನೋಡಿ, "ತಮಟೆ ಅಲ್ವೇನೋ ಅದು? ತೆಗಿ ಆಚೆಗೆ" ಅಂದರು. ಅವರು ಎತ್ತಿಕೊಂಡದ್ದು ನಮ್ಮ ಕಡೆಯ ಸಂತ ಕೈವಾರ ತಾತಯ್ಯನವರ ತೆಲುಗು ಪದ. ಚಿಕ್ಕಂದಿನಿಂದ ನಮ್ಮಜ್ಜಿ ಬಾಯಲ್ಲಿ ಕೇಳಿದ್ದು. ಬೆಟ್ಟದ ಮೇಲೆ ಇಬ್ಬನಿ, ಚರ್ಮ ಪೂರ್ತಿ ಸಡಿಲ. "ಒಂದು ನಿಮಿಷ ಅಕ್ಕ" ಅಂದು ಬೆಂಕಿ ಹಚ್ಚಿದೆ. ಅಷ್ಟು ಜನರೂ ಕಾದರು. ಕಡ್ಡಿ ಪಕ್ಕಕ್ಕಿಟ್ಟು ಬೆರಳಲ್ಲೇ ನುಡಿಸಿದೆ, ಪದ ಕೇಳಿಸಬೇಕಲ್ಲ. ರಂಗಮಂದಿರದ ಆ ಮೊದಲ ಕಾರ್ಯಕ್ರಮಕ್ಕೆ ನನ್ನನ್ನು ಕರೆದವರು ಅವತ್ತು ಅಲ್ಲಿ ಕೂತಿದ್ದರು.

ಹೋಗುವುದಾದರೆ ಬೆಳಕಿರುವಾಗಲೇ ಹತ್ತಿ. ಹೊದೆಯಲು ಒಂದು ಬೆಡ್‌ಶೀಟ್ ಇರಲಿ. ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಳ್ಳಿ, ಇಬ್ಬನಿಗೆ ಕಡ್ಡಿ ಹತ್ತುವುದಿಲ್ಲ.