ಆಫ್ರಿಕಾ ಸಫಾರಿಗೆ ಎಲ್ಲಿಗೆ ಹೋಗಬೇಕು? ಮೊದಲು ಮಕ್ಕಳ ರಜೆ ನೋಡಿಕೊಳ್ಳಿ

ಆಫ್ರಿಕಾ ಸಫಾರಿ ಅಂದ ಕೂಡಲೇ ಎಲ್ಲರೂ ಕೇಳುವುದು ಕೀನ್ಯಾನಾ, ದಕ್ಷಿಣ ಆಫ್ರಿಕಾನಾ ಅಂತ. ನನ್ನನ್ನು ಕೇಳಿದರೆ ದೇಶ ಆಮೇಲೆ, ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ.

ನಮ್ಮ ಮೈಸೂರು ಕಡೆ ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್, ಮೇನಲ್ಲಿ. ಕೀನ್ಯಾ, ತಾಂಜಾನಿಯಾದಲ್ಲಿ ದೊಡ್ಡ ಮಳೆ ಹಿಡಿಯುವುದೂ ಆಗಲೇ, ಮಾರ್ಚ್‌ನಿಂದ ಮೇವರೆಗೆ. ಇದು ನಮಗೆ ಗೊತ್ತಾಗಿದ್ದು ಕೆಸರಲ್ಲಿ ಕೂತಮೇಲೆ. ಟ್ರಾವೆಲ್ಸ್‌ನವರೊಬ್ಬರು "ಈಗ ಆಫ್ ಸೀಸನ್ ಸಾರ್, ರೇಟು ಅರ್ಧ" ಅಂದರು, ನಾವೂ ಖುಷಿಯಾಗಿ ಏಪ್ರಿಲ್‌ನಲ್ಲಿ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೊರಟೆವು. ಅಲ್ಲಿಯದು ಎರೆಮಣ್ಣು, ಒಂದು ಮಳೆ ಬಿದ್ದರೆ ಸಾಕು, ಚಕ್ರ ಅರ್ಧ ಹೂತುಹೋಗುತ್ತದೆ. ಎರಡು ಗಂಟೆ ಜೀಪಿನಲ್ಲೇ ಕೂತಿದ್ದೆವು. ಇಳಿದು ತಳ್ಳೋಣ ಅಂದರೆ ಸುತ್ತ ಎತ್ತರದ ಹುಲ್ಲು, ಒಳಗೆ ಯಾರು ಮಲಗಿದ್ದಾರೋ ಯಾರಿಗೆ ಗೊತ್ತು! ಮಂಡ್ಯದ ನಮ್ಮ ಮಾವ ಹಿಂದಿನ ಸೀಟಿನಿಂದ "ಇದಕ್ಕೆ ನಮ್ಮ ಟ್ರ್ಯಾಕ್ಟರೇ ಬೇಕಿತ್ತು ಕಣಪ್ಪಾ" ಅಂದರು.

ಹಾಗಾಗಿ ಕೀನ್ಯಾ ಅಂತ ಮನಸ್ಸಿದ್ದರೆ ದಸರಾ ರಜೆ ನೋಡಿ. ಊರಿಗೆ ಊರೇ ಜಂಬೂಸವಾರಿಗೆ ಬರುವಾಗ ನಾವು ಗಂಟುಮೂಟೆ ಕಟ್ಟುವುದು ಸ್ವಲ್ಪ ಬೇಜಾರೇ, ಆದರೆ ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ ವಿಲ್ಡಬೀಸ್ಟ್ (ದನದ ಹಾಗೆ ಕಾಣುವ, ಜಿಂಕೆಯಂಥ ಕಾಡುಪ್ರಾಣಿ) ಹಿಂಡುಗಳು ಮಾರಾ ಕಡೆ ಇರುತ್ತವೆ, ಮೊಸಳೆ ಕಾದು ಕೂತಿರುವ ಹೊಳೆಗೆ ಧುಮುಕುವುದು ಆಗಲೇ. ಅಕ್ಟೋಬರ್ ಕೊನೆಗೆ ದಸರಾ ಬಿದ್ದ ವರ್ಷ ಹಿಂಡು ಆಗಲೇ ತಾಂಜಾನಿಯಾದ ಸೆರೆಂಗೆಟಿ ಕಡೆ ವಾಪಸ್ ಹೊರಟಿರಬಹುದು, ನೋಡಿಕೊಂಡು ಬುಕ್ ಮಾಡಿ. ಇದೇ ಹಿಂಡು ಫೆಬ್ರವರಿ ಹೊತ್ತಿಗೆ ತಾಂಜಾನಿಯಾದ ಎಂಡುಟು ಬಯಲಲ್ಲಿ ಮರಿ ಹಾಕುತ್ತದೆ. ರಿಟೈರ್ ಆದವರಿಗೆ, ಶಾಲೆಯ ಹಂಗಿಲ್ಲದವರಿಗೆ ಅದಕ್ಕಿಂತ ಒಳ್ಳೆ ತಿಂಗಳಿಲ್ಲ.

ಬೇಸಿಗೆ ರಜೆಯಲ್ಲೇ ಹೋಗಬೇಕಾ? ಹಾಗಿದ್ದರೆ ದಕ್ಷಿಣಕ್ಕೆ ಹೋಗಿ, ಮೇ ತಿಂಗಳೇ ಇಟ್ಟುಕೊಳ್ಳಿ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಆಗ ಮಳೆ ಮುಗಿದು ಹುಲ್ಲು ಒಣಗಲು ಶುರುವಾಗಿರುತ್ತದೆ. ನೀರು ಕಮ್ಮಿಯಾದಷ್ಟೂ ಪ್ರಾಣಿಗಳು ಕೆರೆಕುಂಟೆ ಹತ್ತಿರವೇ ಸಿಗುತ್ತವೆ. ಬೆಳಗ್ಗೆ ಸ್ವೆಟರ್ ಬೇಕೇ ಬೇಕು.

ಇನ್ನು, ನೀವು ಈಗಾಗಲೇ ಏನು ನೋಡಿದ್ದೀರಿ ಅನ್ನುವುದೂ ಮುಖ್ಯ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಡದ ಹಸಿರಿಗೆ ಬರುವ ಆನೆ ಹಿಂಡು ನೋಡಿದವರು ಬರೀ ಆನೆಗೋಸ್ಕರ ಲಕ್ಷ ಲಕ್ಷ ಸುರಿಯಬೇಡಿ. (ಕಿಲಿಮಂಜಾರೋ ಹಿನ್ನೆಲೆಯ ಅಂಬೋಸೆಲಿ ಆನೆ ಫೋಟೋ ಬೇಕೇ ಬೇಕು ಅಂದರೆ ಅದು ಬೇರೆ ಮಾತು.) ನಮ್ಮ ಕಾಡಲ್ಲಿ ಇಲ್ಲದ್ದನ್ನು ಹುಡುಕಿ. ಚೀತಾ, ಸಿಂಹ ಬೇಕಾದರೆ ಮಾರಾ, ಸೆರೆಂಗೆಟಿ, ಬಯಲು ಬಟ್ಟಾಬಯಲು, ಕಣ್ಣು ಹಾಯಿಸಿದಷ್ಟು ದೂರ ಕಾಣುತ್ತದೆ. ಕಪ್ಪು ಖಡ್ಗಮೃಗಕ್ಕೆ ತಾಂಜಾನಿಯಾದ ಎನ್ಗೊರೊಂಗೊರೊ, ಸುಮಾರು 600 ಮೀಟರ್ ಆಳದ ಹಳೇ ಜ್ವಾಲಾಮುಖಿ ಬಾಯಿ, ಅದರ ತಳದಲ್ಲೇ ಸಫಾರಿ. ಆದರೆ ಆ ಗುಂಡಿಯೊಳಗೆ ಜಿರಾಫೆ ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಗೊರಿಲ್ಲಾ ನಮ್ಮ ಮೃಗಾಲಯದಲ್ಲೇ ಇದೆಯಲ್ವಾ ಅಂತೀರಿ, ಉಗಾಂಡಾದ ಬ್ವಿಂಡಿಯದು ಬೆಟ್ಟದ ಗೊರಿಲ್ಲಾ, ಅದೇ ಬೇರೆ. ಪರ್ಮಿಟ್ ಒಬ್ಬರಿಗೆ 800 ಡಾಲರ್, ರುವಾಂಡಾದಲ್ಲಿ 1,500, ಅದೂ ಒಂದು ಗಂಟೆ ನೋಡಲಿಕ್ಕೆ. ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ.

ದುಡ್ಡಿನ ಲೆಕ್ಕ ಹಾಕುವವರಿಗೆ ಕ್ರೂಗರ್ ವಾಸಿ. ಬಾಡಿಗೆ ಕಾರು ತೆಗೆದುಕೊಂಡು ನೀವೇ ಓಡಿಸಬಹುದು, ನಮ್ಮ ಹಾಗೆ ಎಡಗಡೆಯೇ ಹೋಗಬೇಕು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆರ್‌ಟಿಒನಲ್ಲಿ ಮಾಡಿಸಿಕೊಂಡಿರಿ. ಬೇಲಿ ಹಾಕಿದ ಕ್ಯಾಂಪುಗಳಲ್ಲಿ ಅಡುಗೆಮನೆ ಇರುವ ರೂಮು ಸಿಗುತ್ತವೆ, ರಾತ್ರಿ ಬಿಸಿ ಅನ್ನ ಸಾರು ಮಾಡಿಕೊಂಡು ಆಚೆ ಸಿಂಹದ ಗರ್ಜನೆ ಕೇಳಬಹುದು. ಅಲ್ಲಿ ಮಲೇರಿಯಾ ಉಂಟು. ಪುಟ್ಟ ಮಕ್ಕಳಿದ್ದರೆ ಅದೇ ದೇಶದ, ಮಲೇರಿಯಾ ಇಲ್ಲದ ಪಿಲಾನ್ಸ್‌ಬರ್ಗ್, ಮಡಿಕ್ವೆ ಕಾಡುಗಳನ್ನು ನೋಡಿ. ಬೋಟ್ಸ್‌ವಾನಾದಲ್ಲಿ ನದಿ ನೀರು ಹರಡಿಕೊಳ್ಳುವ ಒಕವಾಂಗೋ ಬಯಲು ಚೆಂದ, ರೇಟು ಕೇಳಿದರೆ ಎದೆ ಝಲ್ ಅನ್ನುತ್ತದೆ, ಬಿಡಿ.

ಹತ್ತು ದಿನಕ್ಕೆ ಮೂರು ದೇಶ ಅನ್ನುವ ಪ್ಯಾಕೇಜು ಬೇಡವೇ ಬೇಡ. ನೈರೋಬಿಯಿಂದ ಮಾರಾಗೇ ಐದಾರು ಗಂಟೆ ರಸ್ತೆ. ಒಂದೇ ಕಡೆ ಮೂರು ರಾತ್ರಿಯಾದರೂ ಇರಿ.

ಕೀನ್ಯಾ, ಉಗಾಂಡಾಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಹಿಡಿದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ.

ಊಟದ ಚಿಂತೆ ಬೇಡ. ಕೀನ್ಯಾದಲ್ಲಿ ಉಗಾಲಿ ಅಂತ ಕೊಡುತ್ತಾರೆ, ಮೆಕ್ಕೆಜೋಳದ ಬಿಳಿ ಮುದ್ದೆ ಅಂದುಕೊಳ್ಳಿ, ಜೊತೆಗೆ ಸೊಪ್ಪಿನ ಪಲ್ಯ. ಮಾವ ಮೊದಲ ದಿನವೇ ಎರಡು ಸಲ ಹಾಕಿಸಿಕೊಂಡು, ನುಂಗಲಿಕ್ಕೆ ಹೋಗಿ ಆಗದೆ, ಕೊನೆಗೆ ಅಗಿದೇ ತಿಂದರು. ಚಕ್ಕುಲಿ, ಚಟ್ನಿಪುಡಿ ಒಯ್ಯುವುದಾದರೆ ಡಬ್ಬಿಗೆ ಹಾಕಿ, ಪ್ಲಾಸ್ಟಿಕ್ ಕವರಿಗಲ್ಲ. ಕೀನ್ಯಾದಲ್ಲಿ 2017ರಿಂದ ಕವರ್ ಬ್ಯಾನ್.