ಗ್ಯಾಸ್ ಅಲ್ಲದ ಏದುಸಿರು

ಬೆಂಗಳೂರಿನ ಶ್ರೀನಗರದ ನಮ್ಮ ಮನೆಗೆ ಮೂವತ್ತೆರಡು ಮೆಟ್ಟಿಲು. ಜ್ವರ ಬಿಟ್ಟ ಹತ್ತನೆಯ ದಿನ ನಮ್ಮ ಯಜಮಾನರು ಹಾಲಿನ ಪೊಟ್ಟಣ ಹಿಡಿದುಕೊಂಡು ಹದಿನಾರನೆಯ ಮೆಟ್ಟಿಲಲ್ಲಿ ಕುಳಿತುಬಿಟ್ಟರು. "ಗ್ಯಾಸ್ ಇರಬೇಕು" ಎಂದರು. ಹತ್ತಿರದ ಕ್ಲಿನಿಕ್ಕಿನಲ್ಲೂ ಗ್ಯಾಸ್ ಎಂದೇ ಮಾತ್ರೆ ಕೊಟ್ಟರು. ಎರಡು ದಿನ ಹಾಗೆಯೇ ಹೋಯಿತು.

ಅದು ಮಯೋಕಾರ್ಡೈಟಿಸ್, ಹೃದಯದ ಸ್ನಾಯುವಿನ ಉರಿಯೂತ. ಬಹಳ ಸಲ ವೈರಸ್ ಸೋಂಕಿನ ಬೆನ್ನಿಗೇ ಬರುತ್ತದೆ. ಜ್ವರದ ನಂತರ ಏದುಸಿರು, ಎದೆನೋವು, ಬಡಿತದ ಏರುಪೇರು, ಪಾದದಲ್ಲಿ ಬಾವು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್) ಮಾಡುತ್ತಾರೆ. ಎಕೋ ವರದಿಯಲ್ಲಿ 'ಇಎಫ್' ಹುಡುಕಿ: ಎಡಭಾಗದ ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪಾಲು ಅದು. ಶೇ 55ರ ಮೇಲಿದ್ದರೆ ಸರಿ. ಇವರದು 35 ಇತ್ತು.

ಮನೆಗೆ ಬಂದ ಮೇಲಿನ ಕೆಲಸವೆಲ್ಲ ನಮ್ಮದೇ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ತೂಕ ನೋಡಿ ಕ್ಯಾಲೆಂಡರಿನ ಚೌಕದಲ್ಲೇ ಬರೆಯಿರಿ. ಒಂದು ಮಂಗಳವಾರ 68 ಇದ್ದದ್ದು ಗುರುವಾರ 70 ಆಯಿತು. ನಡುವೆ ಒಂದು ಮದುವೆ ಊಟ, ಹಪ್ಪಳ, ಉಪ್ಪಿನಕಾಯಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು. ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ದಿನದ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚವೂ ತುಂಬುವುದಿಲ್ಲ. ಅವರ ಪಾಲನ್ನು ಬೆಳಿಗ್ಗೆಯೇ ಕುಂಕುಮದ ಬಟ್ಟಲಿನಷ್ಟು ಪುಟ್ಟ ಬಟ್ಟಲಿಗೆ ಅಳೆದಿಡುತ್ತೇನೆ. ಸಾರು, ಪಲ್ಯ ಎಲ್ಲ ಅದರೊಳಗೇ ಮುಗಿಯಬೇಕು. ಜಾಣತನ ತೋರಿಸಲು ಹೋಗಿ ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದೆ. ಅದರಲ್ಲಿರುವುದು ಪೊಟ್ಯಾಸಿಯಂ. ಇವರಂತೆ ಸ್ಪೈರೊನೊಲ್ಯಾಕ್ಟೋನ್ ಎಂಬ ನೀರಿಳಿಸುವ ಮಾತ್ರೆ ನುಂಗುವವರಲ್ಲಿ ಅದು ಏರಿದರೆ ಬಡಿತವೇ ದಾರಿ ತಪ್ಪಬಹುದು. ನೋಡಲು ಬಂದವರು ಪ್ರೀತಿಯಿಂದ ತರುವ ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಅಷ್ಟನ್ನೂ ನಾನೇ ಕುಡಿದೆ.

ಮೈಕೈ ನೋವಿಗೆಂದು ಐಬುಪ್ರೊಫೆನ್ ಕೊಡುವ ಮುನ್ನ ವೈದ್ಯರನ್ನು ಕೇಳಿ. ಮೂರರಿಂದ ಆರು ತಿಂಗಳು ಓಟ, ಶಟಲ್ ಆಟ ಬೇಡ. ಲಾಲ್‌ಬಾಗಿನ ಬಂಡೆಯನ್ನು ಕೆಳಗಿನಿಂದಲೇ ನೋಡಬಹುದು.

ಐದನೆಯ ತಿಂಗಳ ಎಕೋದಲ್ಲಿ ಇಎಫ್ 52 ಬಂತು. ಅಂದು ಸಂಜೆಯೇ ಇವರು ಮಾತ್ರೆ ಡಬ್ಬಿ ಮುಚ್ಚಿಟ್ಟರು. ಅಂಕಿ ಏರಿದ್ದೇ ಆ ಮಾತ್ರೆಗಳಿಂದ, ವೈದ್ಯರು ಹೇಳದೆ ಒಂದನ್ನೂ ಬಿಡಬಾರದು ಎಂದು ಗದರಿ ಮತ್ತೆ ತೆಗೆಸಿದೆ. ಹಾಲು ಮಾತ್ರ ಈಗಲೂ ನಾನೇ ತರುತ್ತೇನೆ.